ಹಾಸಿಗೆ ಇದ್ದಷ್ಟು ವಿದ್ಯೆ

ನರ್ಸಿಂಗ್ ಮುಗಿಸಿ ಬಂದ ಹುಡುಗಿಗೆ ಇಂದು ಮೊದಲು ಎದುರಾಗುವ ಪ್ರಶ್ನೆ, ಮುಂದೆ ಯಾವ ವಿಭಾಗ ಎಂಬುದು. ಐಸಿಯುವೋ, ಓಟಿಯೋ, ಮಕ್ಕಳ ವಾರ್ಡೋ, ಡಯಾಲಿಸಿಸ್ಸೋ, ಹೆರಿಗೆ ಕೋಣೆಯೋ? ಕೇಳುವವರ ಮನಸ್ಸಿನಲ್ಲಿ ಎರಡು ನಂಬಿಕೆಗಳು ಗಟ್ಟಿಯಾಗಿ ಕೂತಿರುತ್ತವೆ. ಮೊದಲು ಎಲ್ಲವನ್ನೂ ಕಲಿತ ಸಾಮಾನ್ಯ ದಾದಿ ಇರುತ್ತಾಳೆ, ವಿಶೇಷ ವಿದ್ಯೆ ಆಮೇಲೆ ಏರುವ ಮೆಟ್ಟಿಲು ಎಂಬುದು ಒಂದು. ಆ ಮೆಟ್ಟಿಲನ್ನು ಆರಿಸುವವಳು ಅವಳೇ, ಅವಳ ಒಲವು ಮತ್ತು ಅಂಕಪಟ್ಟಿಯೇ ಅದನ್ನು ತೀರ್ಮಾನಿಸುತ್ತವೆ ಎಂಬುದು ಇನ್ನೊಂದು. ಶಿರೂರಿನ ಗಡಿಯಿಂದ ಬೈಂದೂರು, ಕುಂದಾಪುರ ದಾಟಿ ಬ್ರಹ್ಮಾವರದವರೆಗಿನ ಕರಾವಳಿ ಪಟ್ಟಿಯಲ್ಲಿ ಈ ವೃತ್ತಿ ನಡೆದುಬಂದ ದಾರಿಯನ್ನು ನೋಡಿದರೆ ಎರಡೂ ನಿಲ್ಲುವುದಿಲ್ಲ. ಇಲ್ಲಿ ಮೊದಲು ಬಂದದ್ದು ವಿಶೇಷ ವಿದ್ಯೆ. ಸಾಮಾನ್ಯ ದಾದಿ ಅದರ ನಂತರ ಬಂದವಳು. ವಿದ್ಯೆಯನ್ನು ಆರಿಸಿದ್ದೂ ಕಲಿಯುವವಳಲ್ಲ. ಯಾವ ಊರಲ್ಲಿ ಯಾವ ರೋಗಿಗೆ ಹಾಸಿಗೆ ಹಾಕಿದರು, ಆ ಹಾಸಿಗೆಗೂ ಅವಳ ಮನೆಗೂ ನಡುವೆ ಎಷ್ಟು ಹೊಳೆಗಳಿದ್ದವು, ಸರಕಾರ ಯಾರ ಹೆಸರನ್ನು ಯಾವ ಪಟ್ಟಿಯಲ್ಲಿ ಬರೆದುಕೊಂಡಿತು ಎಂಬ ಮೂರು ಸಂಗತಿಗಳು ಅವಳ ಪರವಾಗಿ ಆರಿಸಿದವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದ್ದು ಸಂಸಾರದ ಖರ್ಚಿಗೆ. ಈ ವೃತ್ತಿಯಲ್ಲಿ ಅದು ಅಕ್ಷರಶಃ ನಡೆದಿದೆ.

ಆಸ್ಪತ್ರೆ ಎಂಬುದು ಇಲ್ಲದ ಕಾಲದಲ್ಲಿ ಈ ಸೀಮೆಯಲ್ಲಿ ಕಾಯಿಲೆಯವರ ಆರೈಕೆಗೆ ಹೊರಗಿನವರನ್ನು ಕರೆಯುವ ರೂಢಿ ಇರಲಿಲ್ಲ. ಜ್ವರ ಬಂದವರಿಗೆ ಗಂಜಿ ಕಾಯಿಸುವುದು, ಹಾಸಿಗೆ ಹಿಡಿದ ಮುದುಕರ ಮೈ ಒರೆಸುವುದು, ಕಷಾಯ ಕುದಿಸುವುದು, ಇವೆಲ್ಲ ಮನೆಯ ಹೆಂಗಸರ ಕೆಲಸ. ನಾಟಿ ಮದ್ದು ಕೊಡುವವರು ಬೇರಿನ ಹೆಸರು ಹೇಳಿ ಹೋಗುತ್ತಿದ್ದರು. ಅರೆದು ಕುಡಿಸುವವರು ಮನೆಯವರೇ. ಹೆರಿಗೆ ಒಂದಕ್ಕೆ ಮಾತ್ರ ಪಳಗಿದ ಕೈ ಬೇಕು ಎಂದು ಊರು ಒಪ್ಪಿತ್ತು. ನೋವು ಶುರುವಾದ ರಾತ್ರಿ ಲಾಂದ್ರ ಹಿಡಿದು ಗದ್ದೆಯ ಅಂಚಿನಲ್ಲಿ ಓಡಿ ಕರೆತರುತ್ತಿದ್ದದ್ದು ಸೂಲಗಿತ್ತಿಯನ್ನು. ಮಗು ಅಡ್ಡ ನಿಂತಿದೆಯೇ ಎಂದು ಹೊಟ್ಟೆ ಮುಟ್ಟಿ ಹೇಳುವುದು, ಹೊಕ್ಕುಳಬಳ್ಳಿ ಕತ್ತರಿಸುವುದು, ಕಸ ಪೂರ್ತಿ ಬಿತ್ತೇ ಎಂದು ನೋಡುವುದು, ಬಾಣಂತಿಗೆ ಬಿಸಿನೀರು ಹೊಯ್ದು ಹೊಟ್ಟೆ ಕಟ್ಟುವುದು, ಇವನ್ನು ಅವಳು ಇನ್ನೊಬ್ಬ ಹಿರಿಯಳ ಜೊತೆ ಹತ್ತಾರು ಮನೆ ತಿರುಗಿ ಕಲಿತಿರುತ್ತಿದ್ದಳು. ಹುಟ್ಟಿನ ಮೈಲಿಗೆಗೆ ಇಲ್ಲಿನವರು ಅಮೆ ಎನ್ನುತ್ತಾರೆ. ಪುಣ್ಯಾಹವಾಗುವ ತನಕ ನೆಂಟರಿಷ್ಟರು ಮುಟ್ಟದ ಕೋಣೆಗೆ ಯಾವ ಅಡ್ಡಿಯೂ ಇಲ್ಲದೆ ಹೋಗಿ ಬರುತ್ತಿದ್ದವಳು ಅವಳು. ಅಮೆ ಅವಳನ್ನು ಊರಿನ ಮರ್ಯಾದೆಯ ಏಣಿಯಲ್ಲಿ ಕೆಳಗಿಟ್ಟಿತು. ಅದೇ ಅಮೆ ಅವಳ ಕಸುಬನ್ನು ಉಳಿದೆಲ್ಲ ಆರೈಕೆಯಿಂದ ಬೇರ್ಪಡಿಸಿ ಅವಳಿಗೇ ಮೀಸಲಾಗಿಟ್ಟಿತು.

ಸೂಲಗಿತ್ತಿಯನ್ನು ದಾದಿಯ ಚರಿತ್ರೆಗೆ ಸೇರಿಸುವುದೇ ತಪ್ಪು ಎಂದು ಆಕ್ಷೇಪಿಸುವವರಿದ್ದಾರೆ. ಅವಳಿಗೆ ಅಂಗರಚನೆ ಗೊತ್ತಿರಲಿಲ್ಲ, ಸೋಂಕಿನ ತಿಳಿವಳಿಕೆ ಇರಲಿಲ್ಲ, ಅವಳ ಕತ್ತಿಯಿಂದಲೇ ಎಷ್ಟೋ ಹಸುಗೂಸುಗಳು ಧನುರ್ವಾಯುವಿಗೆ ತುತ್ತಾದವು ಎಂಬುದು ಅವರ ವಾದ. ಇದರಲ್ಲಿ ಸುಳ್ಳಿಲ್ಲ. ಮಗು ಅಡ್ಡ ಸಿಕ್ಕಿಕೊಂಡಾಗ, ನೆತ್ತರು ನಿಲ್ಲದೆ ಹೋದಾಗ ಅವಳ ಬಳಿ ಉಪಾಯವಿರಲಿಲ್ಲ. ಆ ಕೋಣೆಯ ಸಾವುಗಳನ್ನು ಮರೆಮಾಚಿ ಹಳೆಯದನ್ನು ಹೊಗಳುವುದು ಸತ್ತ ಹೆಂಗಸರಿಗೆ ಬಗೆಯುವ ದ್ರೋಹ. ಆದರೆ ನನ್ನ ವಾದ ಅವಳ ವಿದ್ಯೆಯ ಗುಣಮಟ್ಟದ ಮೇಲೆ ನಿಂತಿಲ್ಲ, ಅದರ ಸ್ಥಾನದ ಮೇಲೆ ನಿಂತಿದೆ. ಈ ಒಂದು ಕೆಲಸಕ್ಕೆ ಬೇರೆಯೇ ತರಬೇತಿ ಬೇಕು ಎಂದು ಸಮಾಜ ಒಪ್ಪಿಕೊಂಡ ಗಳಿಗೆಯಲ್ಲೇ ವಿಶೇಷ ವೃತ್ತಿ ಹುಟ್ಟುತ್ತದೆ. ವಸಾಹತು ಸರಕಾರವೂ ಇದೇ ಕ್ರಮದಲ್ಲಿ ನಡೆಯಿತು. ಮದರಾಸಿನಲ್ಲಿ ಸೂಲಗಿತ್ತಿಯರ ತರಬೇತಿ ಶಾಲೆಗೆ ಮಂಜೂರಾತಿ ಸಿಕ್ಕಿದ್ದು 1854ರಲ್ಲಿ. ಅಲ್ಲಿನ ಜನರಲ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾದದ್ದು 1871ರಲ್ಲಿ. ಆಗಲೂ ಕಲಿಯಲು ಸೇರಿದವರು ನಾಲ್ವರು, ಕಲಿಕೆ ಆರು ತಿಂಗಳದ್ದು, ವಿಷಯ ಹೆರಿಗೆ. ನಮ್ಮ ದೇಶದ ಅತಿ ಹಳೆಯ ನರ್ಸಿಂಗ್ ಶಾಲೆಗಳಲ್ಲಿ ಒಂದಾದ ಅದರ ಮೊದಲ ಪಾಠವೇ ಇಂದು ನಾವು ವಿಶೇಷ ವಿಭಾಗ ಎಂದು ಕರೆಯುವ ವಿಷಯದ್ದು.

ಮದರಾಸು ಇಲ್ಲಿಗೆ ಏಕೆ ಬಂತು ಎಂದರೆ ಕುಂದಾಪುರದವರ ಹಣೆಬರಹ ಬರೆಯುತ್ತಿದ್ದ ಊರು ಅದು. 1860ರ ಹೊತ್ತಿಗೆ ಕೆನರಾ ಜಿಲ್ಲೆಯನ್ನು ಉತ್ತರ, ದಕ್ಷಿಣ ಎಂದು ಸೀಳಿದರು. 1862ರಲ್ಲಿ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತ್ಯಕ್ಕೆ ಕೊಟ್ಟಾಗ ಕುಂದಾಪುರ ತಾಲೂಕನ್ನು ಮಾತ್ರ ಹಿಡಿದಿಟ್ಟು ದಕ್ಷಿಣ ಕನ್ನಡಕ್ಕೆ, ಎಂದರೆ ಮದರಾಸಿಗೆ, ಉಳಿಸಿಕೊಂಡರು. ಅಂದಿನಿಂದ 1956ರ ತನಕ ಬೈಂದೂರಿನ ಜನ ಮೂರು ಆಡಳಿತಗಳ ಸಂಧಿಯಲ್ಲಿ ಬದುಕಿದರು. ಶಿರೂರು ದಾಟಿದರೆ ಭಟ್ಕಳ, ಅದು ಮುಂಬಯಿ. ಕೊಲ್ಲೂರು ಘಾಟಿ ಹತ್ತಿದರೆ ಮೈಸೂರು ಸಂಸ್ಥಾನ. ಕಾಲ ಕೆಳಗಿನ ನೆಲ ಮದರಾಸಿನದು. ಆಡುವ ಕನ್ನಡ ಒಂದೇ, ಉಣ್ಣುವ ಗಂಜಿ ಒಂದೇ, ಕಾನೂನು ಮೂರು. ಮದರಾಸು 1926ರಲ್ಲಿ ನರ್ಸುಗಳು ಮತ್ತು ಮಿಡ್‌ವೈಫ್‌ಗಳ ಕಾಯಿದೆ ತಂದು ಹೆಸರು ನೋಂದಾಯಿಸಲು ಶುರುಮಾಡಿತು. ಇಂದಿನ ಭಾರತದಲ್ಲಿ ಇಂಥ ನೋಂದಣಿಗೆ ಮೊದಲು ಕೈಹಾಕಿದ ಪ್ರಾಂತ್ಯ ಅದು. ಮುಂಬಯಿಯ ನೋಂದಣಿ ಕಾಯಿದೆ ಬಂದದ್ದು 1935ರಲ್ಲಿ. ಮದರಾಸಿನ ಕಾಯಿದೆಯ ಹೆಸರನ್ನು ನಿಧಾನವಾಗಿ ಓದಬೇಕು. ನರ್ಸು ಬೇರೆ, ಮಿಡ್‌ವೈಫ್ ಬೇರೆ ಎಂದು ತಲೆಬರಹದಲ್ಲೇ ಒಪ್ಪಿಕೊಂಡ ಕಾನೂನು ಅದು. ಒಬ್ಬಳೇ ಎರಡೂ ಆಗಬಹುದಿತ್ತು, ಆದರೆ ಎರಡು ವಿದ್ಯೆ ಎಂಬುದರಲ್ಲಿ ಸಂಶಯವಿರಲಿಲ್ಲ. ಕುಂದಾಪುರದಲ್ಲಿ ಇಂದಿಗೂ ಹಳಬರ ಬಾಯಲ್ಲಿ ಬೋರ್ಡ್ ಹೈಸ್ಕೂಲು ಉಳಿದಿದೆಯಲ್ಲ, ಅಂಥ ಜಿಲ್ಲಾ ಬೋರ್ಡುಗಳ ಕಾಲ ಅದು. ಪಟ್ಟಿಯಲ್ಲಿ ಹೆಸರಿಲ್ಲದ ಸೂಲಗಿತ್ತಿಗೆ ಬೋರ್ಡಿನ ಸಂಬಳದ ಬಾಗಿಲು ತೆರೆಯುವಂತಿರಲಿಲ್ಲ. ಊರಿನ ಮಾತಿನ ಮೇಲೆ ನಿಂತಿದ್ದ ಕಸುಬು ಕಾಗದದ ಮೇಲೆ ನಿಲ್ಲತೊಡಗಿತು. ಮತ್ತು ಕಾಗದ ಸಿಗುತ್ತಿದ್ದದ್ದು ಹಾಸಿಗೆ ಇದ್ದಲ್ಲಿ ಮಾತ್ರ.

ಆ ಹಾಸಿಗೆ ಈ ಸೀಮೆಗೆ ಹತ್ತಿರ ಬಂದದ್ದು 1923ರ ಜೂನಿನಲ್ಲಿ, ಉಡುಪಿಯಲ್ಲಿ. ಬಾಸೆಲ್ ಮಿಷನ್ 1834ರಲ್ಲೇ ಮಂಗಳೂರಿಗೆ ಬಂದು ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಎಂದು ಬೇರೂರಿತ್ತು. ಮೊದಲ ಮಹಾಯುದ್ಧದಲ್ಲಿ ಅದರ ಜರ್ಮನ್ ಪಾದ್ರಿಗಳು ಸೆರೆಯಾಗಿ, ಕಾರ್ಖಾನೆಗಳು ಕೈತಪ್ಪಿ ಹೋದ ಮೇಲೆ ಮಿಷನ್ನಿನ ಕೆಲಸ ಹೊಸದಾಗಿ ಚಿಗುರಿದ ದಿನಗಳವು. ಡಾ. ಇವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ ಹೆಂಗಸರಿಗೂ ಮಕ್ಕಳಿಗೂ ಎಂದು ಚಿಕ್ಕದೊಂದು ಆಸ್ಪತ್ರೆ ತೆರೆದರು. ಇಂದು ಅದು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಹೆಂಗಸರ ಆಸ್ಪತ್ರೆಯೇ ಏಕೆ ಎಂಬುದಕ್ಕೆ ಉತ್ತರ ಸರಳ. ಗಂಡು ಡಾಕ್ಟರ ಮುಂದೆ ಹೆರಿಗೆಗೆ ಮಲಗಲು ಇಲ್ಲಿನ ಯಾವ ಜಾತಿಯ ಹೆಂಗಸೂ ಒಪ್ಪುತ್ತಿರಲಿಲ್ಲ, ಅವಳ ಮನೆಯವರಂತೂ ಸರಿಯೇ ಸರಿ. 1885ರಲ್ಲಿ ಶುರುವಾದ ಡಫರಿನ್ ನಿಧಿಯಿಂದ ಹಿಡಿದು ಮಂಗಳೂರಿನ ಲೇಡಿ ಗೋಶನ್ ಆಸ್ಪತ್ರೆಯ ತನಕ ಸರಕಾರವೂ ಮಿಷನ್ನುಗಳೂ ಹೆಂಗಸರಿಗೆಂದೇ ಬೇರೆ ಸೂರು ಕಟ್ಟಿದ್ದರ ಹಿಂದಿನ ಕಾರಣ ಅದೇ. ಉಡುಪಿಯಲ್ಲೇ ಹಾಜಿ ಅಬ್ದುಲ್ಲಾ ಸಾಹೇಬರು ಕೊಟ್ಟ ನೆಲದಲ್ಲಿ ಎದ್ದ ಸರಕಾರಿ ಆಸ್ಪತ್ರೆಯೂ ಹೆಂಗಸರು ಮಕ್ಕಳದ್ದೇ. ಹೀಗೆ ಕಟ್ಟಿದ ಸೂರಿನಡಿ ಕೆಲಸಕ್ಕೆ ಸೇರಿದ ಹುಡುಗಿ ಕಲಿಯುವುದು ಏನನ್ನು? ಬಸಿರು, ಹೆರಿಗೆ, ಹಸುಗೂಸು. ಮೂಳೆ ಮುರಿದವರನ್ನೋ ಹೃದಯ ಕೆಟ್ಟವರನ್ನೋ ನೋಡಿಕೊಳ್ಳುವ ವಿದ್ಯೆ ಬೇಕೆಂದು ಅವಳಿಗೆ ಅನಿಸಿದ್ದರೂ ಅದಕ್ಕೆ ಹಾಸಿಗೆ ಅಲ್ಲಿರಲಿಲ್ಲ.

ಹಾಸಿಗೆಗೂ ಮನೆಗೂ ನಡುವಿನ ಹೊಳೆಗಳನ್ನು ಎಣಿಸಿ ನೋಡಿ. ಬ್ರಹ್ಮಾವರದಿಂದ ಉಡುಪಿಗೆ ಹದಿಮೂರು ಕಿಲೋಮೀಟರಿನಷ್ಟು ದಾರಿ, ಕಲ್ಯಾಣಪುರದ ಬಳಿ ಸ್ವರ್ಣೆಯನ್ನು ದಾಟಬೇಕು. ಕುಂದಾಪುರದವರು ಅದಕ್ಕೂ ಮೊದಲು ಮಾಬುಕಳದಲ್ಲಿ ಸೀತೆಯನ್ನು ದಾಟಿ ಬರಬೇಕು. ಗಂಗೊಳ್ಳಿ, ನಾಡ, ಮರವಂತೆ ಕಡೆಯವರಿಗೆ ಪಂಚಗಂಗಾವಳಿಯ ವಿಸ್ತಾರ ಎದುರಿಗಿದೆ. ಬೈಂದೂರಿನಿಂದ ಎಣಿಸಿದರೆ ದಾರಿ ಎಪ್ಪತ್ತು ಕಿಲೋಮೀಟರಿನ ಹತ್ತಿರ. ಹೆದ್ದಾರಿಯ ಸೇತುವೆಗಳಾಗುವ ಮೊದಲು ಇವೆಲ್ಲ ದೋಣಿಯ ಕಡವುಗಳು. ಆಷಾಢದ ನೆರೆಯಲ್ಲಿ ಕಡವು ನಿಂತರೆ ಊರೂ ನಿಂತಿತು. ನೋವು ತಿನ್ನುವ ಬಸುರಿಗೆ ಈ ದಾರಿ ದೂರವಾಗಿದ್ದಂತೆ ಕಲಿಯಹೊರಟ ಹುಡುಗಿಗೂ ದೂರವೇ ಆಗಿತ್ತು. ಅವಳು ಹಾಸ್ಟೆಲಿನಲ್ಲಿ ಇರಬೇಕು, ಎಲ್ಲ ಜಾತಿಯವರ ಮಲಮೂತ್ರ ಬಳಿಯಬೇಕು, ರಾತ್ರಿ ಕೆಲಸ ಮಾಡಬೇಕು. ಅಮೆ ಸೂತಕಗಳನ್ನು ಎಣಿಸುವ ಮನೆಗಳು ಮಗಳನ್ನು ಇದಕ್ಕೆ ಕಳಿಸುವುದು ಸುಲಭವಿರಲಿಲ್ಲ. ಮೊದಲ ತಲೆಮಾರಿನ ದಾದಿಯರು ಹೆಚ್ಚಾಗಿ ಕ್ರೈಸ್ತ ಕುಟುಂಬಗಳಿಂದ ಬಂದದ್ದು ಧರ್ಮಬೋಧೆಯ ಫಲವೆಂದಷ್ಟೇ ಹೇಳಿದರೆ ಅರ್ಧ ಮಾತಾಗುತ್ತದೆ. ಮಿಷನ್ನಿನ ಶಾಲೆ ಓದಿದ್ದ, ಹಾಸ್ಟೆಲಿನ ಬದುಕು ಗೊತ್ತಿದ್ದ, ಅಮೆಯ ಅಡ್ಡಗೋಡೆ ಕಡಿಮೆಯಿದ್ದ ಮನೆಗಳು ಅವು. ವಿದ್ಯೆ ಜಾತಿಯನ್ನೂ ದಾರಿಯನ್ನೂ ನೋಡಿ ಬಂತು.

ಸ್ವಾತಂತ್ರ್ಯ ಹತ್ತಿರವಾದಾಗ ಸರಕಾರ ಲೆಕ್ಕ ತೆಗೆಯಿತು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯ ಎಣಿಕೆಯಂತೆ ಇಡೀ ಬ್ರಿಟಿಷ್ ಭಾರತಕ್ಕೆ ಇದ್ದ ನರ್ಸುಗಳು ಸುಮಾರು 7,000. ಎಂದರೆ 43,000 ಜನಕ್ಕೆ ಒಬ್ಬಳು. ಇಂಥ ಬರಗಾಲದಲ್ಲಿ ವಿಶೇಷ ವಿದ್ಯೆಯ ಮಾತು ಆಡುವವರಾರು? ಒಬ್ಬಳೇ ಎಲ್ಲವನ್ನೂ ಮಾಡಲಿ ಎಂಬುದು ಆಗಿನ ತೀರ್ಮಾನ. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಬಂತು. ಪ್ರಾಂತ್ಯ ಪ್ರಾಂತ್ಯಕ್ಕೆ ಬೇರೆಯಾಗಿದ್ದ ತರಬೇತಿಗೆ ಒಂದೇ ಅಳತೆ ತರುವುದು ಅದರ ಉದ್ದೇಶ. ಮೂರು ಆಡಳಿತಗಳ ಸಂಧಿಯಲ್ಲಿದ್ದ ಬೈಂದೂರಿನಂಥ ಊರಿಗೆ ಅದರ ಬೆಲೆ ಹೆಚ್ಚು ಗೊತ್ತಾಗಬೇಕು. ಕಾಯಿದೆಯ ಪೀಠಿಕೆ ನರ್ಸು, ಮಿಡ್‌ವೈಫ್, ಹೆಲ್ತ್ ವಿಸಿಟರ್ ಮೂವರನ್ನೂ ಹೆಸರಿಸುತ್ತದೆ. ತಲೆಬರಹದಲ್ಲಿ ಮಾತ್ರ ನರ್ಸಿಂಗ್ ಒಂದೇ ಉಳಿಯಿತು. ಪಠ್ಯದಲ್ಲೂ ಹಾಗೆಯೇ ಆಯಿತು. ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಎಂಬ ಡಿಪ್ಲೊಮಾದಲ್ಲಿ, ನಾವು ಜಿಎನ್‌ಎಂ ಎನ್ನುವುದರಲ್ಲಿ, ಸೂಲಗಿತ್ತಿಯ ವಿದ್ಯೆ ಕೊನೆಯ ಒಂದಕ್ಷರವಾಗಿ ಸೇರಿಕೊಂಡಿತು. 1951ರಲ್ಲಿ ಪಂಜಾಬಿನ ತರನ್ ತಾರನ್‌ನಲ್ಲಿ ಆರಂಭವಾದ ಎರಡು ವರ್ಷದ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಎಂದರೆ ಎಎನ್‌ಎಂ, ತರಬೇತಿಯಲ್ಲಾದರೂ ಹೆರಿಗೆಯೇ ನಡುಗಂಬವಾಗಿತ್ತು.

ಈ ಎಎನ್‌ಎಂ ಕುಂದಾಪುರ ಸೀಮೆಗೆ ತಂದದ್ದನ್ನು ಕಡಿಮೆ ಮಾಡಿ ಹೇಳಲಾಗದು. 1952ರ ನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳೂ ಅವುಗಳ ಕೆಳಗೆ ಉಪಕೇಂದ್ರಗಳೂ ಒಂದೊಂದಾಗಿ ಬಂದವು. ಮುಂದೆ ಬಂದ ಅಳತೆಯಂತೆ ಬಯಲಿನಲ್ಲಿ 5,000 ಜನಕ್ಕೆ, ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ. ಅಮಾಸೆಬೈಲು, ಹೊಸಂಗಡಿ, ಜಡ್ಕಲ್, ಮುದೂರಿನಂಥ ಘಟ್ಟದ ಬುಡದ ಊರುಗಳಲ್ಲಿ ಮನೆಗಳು ಒಂದಕ್ಕೊಂದು ಕೂಗಳತೆಯಲ್ಲಿ ಇಲ್ಲ. ತೋಟಕ್ಕೊಂದು ಮನೆ, ಎರಡು ಮನೆಗಳ ನಡುವೆ ಹಾಡಿ, ಹಾಡಿಯ ನಡುವೆ ತೋಡು, ತೋಡಿನ ಮೇಲೆ ಅಡಕೆ ಮರದ ಕಾಲುಸಂಕ. ಮಳೆಗಾಲದ ನಾಲ್ಕು ತಿಂಗಳು ಆ ಸಂಕದ ಮೇಲೆ ಕೈಚೀಲ ಹಿಡಿದು ನಡೆದವಳು ಎಎನ್‌ಎಂ, ಊರವರ ಬಾಯಲ್ಲಿ ಸಿಸ್ಟ್ರಮ್ಮ. ಕುದಿಸಿದ ಕತ್ತರಿ, ಹೊಸ ಬ್ಲೇಡು, ಬಸುರಿಗೆ ಧನುರ್ವಾಯುವಿನ ಚುಚ್ಚುಮದ್ದು, ಕಬ್ಬಿಣದ ಮಾತ್ರೆ ಇವಿಷ್ಟನ್ನು ಮನೆಬಾಗಿಲಿಗೆ ಒಯ್ದದ್ದರಿಂದಲೇ ಎಷ್ಟು ಜೀವ ಉಳಿಯಿತು! ಸೂಲಗಿತ್ತಿಯ ಜಾಗಕ್ಕೆ ಅವಳು ಬಂದದ್ದು ಒಂದೇ ದಿನದಲ್ಲಲ್ಲ. ಹಲವು ಕಡೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತರು, ಒಬ್ಬಳು ಕತ್ತರಿ ಹಿಡಿದು, ಇನ್ನೊಬ್ಬಳು ಬೆನ್ನು ನೀವುತ್ತ.

1973ರ ಕರ್ತಾರ್ ಸಿಂಗ್ ಸಮಿತಿ ಇವಳನ್ನು ವಿವಿಧೋದ್ದೇಶ ಕಾರ್ಯಕರ್ತೆಯಾಗಿಸಬೇಕೆಂದಿತು. 1977ರಲ್ಲಿ ತರಬೇತಿ ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಯಿತು, ಹೊರುವ ಕೆಲಸ ಮಾತ್ರ ಏರಿತು. ಕುಟುಂಬ ಯೋಜನೆಯ ಗುರಿ, ಲಸಿಕೆ, ಮಲೇರಿಯಾ, ಕ್ಷಯ, ಇವಕ್ಕೆಲ್ಲ ಬೇರೆ ಬೇರೆ ದಪ್ತರ. ಹೆರಿಗೆ ಹತ್ತು ಕೆಲಸಗಳಲ್ಲಿ ಒಂದಾಯಿತು. ಇದನ್ನು ನಾನು ನಷ್ಟವೆಂದರೆ ಆರೋಗ್ಯ ಇಲಾಖೆಯನ್ನು ಹತ್ತಿರದಿಂದ ಬಲ್ಲವರು ಒಪ್ಪುವುದಿಲ್ಲ. ಮನೆಮನೆಗೆ ಹೋಗುವವಳು ಒಬ್ಬಳೇ ಇದ್ದಾಗ ಎಲ್ಲ ಕೆಲಸವನ್ನೂ ಅವಳ ಕೈಲಿ ಇಡದೆ ಬೇರೆ ದಾರಿ ಇರಲಿಲ್ಲ, ಅದರಿಂದಲೇ ಪೋಲಿಯೊ ಹೋಯಿತು, ಮಕ್ಕಳ ಸಾವು ಇಳಿಯಿತು ಎನ್ನುತ್ತಾರೆ. ಲಸಿಕೆಯ ವಿಷಯದಲ್ಲಿ ಅವರ ಮಾತು ಪೂರ್ತಿ ಸರಿ. ಆದರೆ ಬಾಣಂತಿಯ ಬಳಿ ಇಡೀ ರಾತ್ರಿ ಕೂರುವ ತಾಳ್ಮೆ, ಯಾವಾಗ ಕೈಹಾಕಬಾರದು ಎಂಬ ವಿವೇಕ, ಇವು ವರ್ಷಕ್ಕೆ ಹಲವು ಹತ್ತು ಹೆರಿಗೆ ಮಾಡಿಸಿದ ಕೈಗೆ ಮಾತ್ರ ದಕ್ಕುತ್ತವೆ. ಕೆಲಸ ಹಂಚಿಹೋದಾಗ ಆ ಕೈ ಮೊಂಡಾಯಿತು. ಕರ್ನಾಟಕದಲ್ಲಿ ಇಂದು ಅವಳ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಹೆಸರಿದೆ. ಹೆಸರಿನಲ್ಲಿ ಹೆರಿಗೆಯ ಸುಳಿವೂ ಉಳಿದಿಲ್ಲ.

ಇತ್ತ ದಕ್ಷಿಣದಲ್ಲಿ ಬೇರೆಯೇ ಒಂದು ಲೋಕ ಬೆಳೆಯುತ್ತಿತ್ತು. ಡಾ. ಟಿ.ಎಂ.ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. ಅಲ್ಲಿನ ಕಸ್ತೂರ್ಬಾ ಆಸ್ಪತ್ರೆ 1961ರಲ್ಲಿ ಬಂತು, ನರ್ಸಿಂಗ್ ಕಾಲೇಜು 1990ರಲ್ಲಿ. ಹೃದಯ, ಮೂತ್ರಪಿಂಡ, ನರ, ಕ್ಯಾನ್ಸರ್, ನವಜಾತ ಶಿಶು ಹೀಗೆ ಹೊಸ ಹೊಸ ವಾರ್ಡು ತೆರೆದ ಹಾಗೆಲ್ಲ ಹೊಸ ಹೊಸ ದಾದಿ ಹುಟ್ಟಿದಳು. ಗಮನಿಸಬೇಕಾದ್ದು ಹುಟ್ಟಿದ ಬಗೆ. ಅವಳು ಆ ವಿಭಾಗ ಬೇಕೆಂದು ಅರ್ಜಿ ಹಾಕಿ ಹೋದದ್ದು ಅಪರೂಪ. ಹೊಸ ಘಟಕಕ್ಕೆ ಜನ ಬೇಕು, ಮೇಟ್ರನ್ ಡ್ಯೂಟಿ ಪಟ್ಟಿಯಲ್ಲಿ ಹೆಸರು ಬರೆದರು, ಇವಳು ಹೋದಳು, ಹತ್ತು ವರ್ಷ ಅಲ್ಲೇ ಉಳಿದಳು. ಯಂತ್ರದ ಸದ್ದಿನಲ್ಲೇ ರೋಗಿಯ ಗತಿ ಹೇಳುವಷ್ಟು ಪಳಗಿದಳು. ಅವಳ ಸರ್ಟಿಫಿಕೇಟಿನಲ್ಲಿ ಮಾತ್ರ ಜಿಎನ್‌ಎಂ ಎಂಬುದರ ಮುಂದೆ ಒಂದಕ್ಷರವೂ ಸೇರಲಿಲ್ಲ. ಈ ಕೈಯ ವಿದ್ಯೆಯನ್ನು ಕಾಗದಕ್ಕೆ ತರಲೆಂದು ನರ್ಸಿಂಗ್ ಪರಿಷತ್ತು ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳನ್ನು ರೂಪಿಸಿತು: ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶು, ಮನೋರೋಗ, ತುರ್ತು ಚಿಕಿತ್ಸೆ, ಶಸ್ತ್ರಚಿಕಿತ್ಸಾ ಕೊಠಡಿ. ಒಳ್ಳೆಯ ಯೋಜನೆ. ಆದರೆ ಮನೆಗೆ ಸಂಬಳ ಕಳಿಸುವ ಹುಡುಗಿ ಒಂದು ವರ್ಷ ಕೆಲಸ ಬಿಟ್ಟು, ಶುಲ್ಕ ಕಟ್ಟಿ ಓದಿ, ಹಿಂದಿರುಗಿ ಬಂದು ಅದೇ ಸಂಬಳಕ್ಕೆ ಅದೇ ವಾರ್ಡಿನಲ್ಲಿ ನಿಲ್ಲುವುದಾದರೆ ಏಕೆ ಓದಿಯಾಳು? ಎಂಎಸ್ಸಿಯ ಐದು ಶಾಖೆಗಳಲ್ಲಿ ಓದಿದವರ ಕಥೆ ಇನ್ನೊಂದು ಬಗೆಯದು. ಮಕ್ಕಳ ಶುಶ್ರೂಷೆಯಲ್ಲಿ ಸ್ನಾತಕೋತ್ತರ ಪದವಿ ಪಡೆದವಳಿಗೆ ಕರೆ ಬರುವುದು ನರ್ಸಿಂಗ್ ಕಾಲೇಜಿನಿಂದ, ಮಕ್ಕಳ ವಾರ್ಡಿನಿಂದಲ್ಲ. ಕಾಗದ ಇದ್ದವಳು ರೋಗಿಯಿಂದ ದೂರ ಹೋದಳು, ರೋಗಿಯ ಹತ್ತಿರ ಉಳಿದವಳಿಗೆ ಕಾಗದ ಸಿಗಲಿಲ್ಲ. ನನಗೆ ಈ ಇಡೀ ಚರಿತ್ರೆಯಲ್ಲಿ ಬಹಳ ನೋವು ಕೊಡುವ ಸಂಗತಿ ಇದು.

ಮಣಿಪಾಲದ ಕಾಲೇಜು ಹಳ್ಳಿಗಳಿಗೂ ಇಳಿಯಿತು ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅದು ಕರಾವಳಿಯುದ್ದಕ್ಕೂ ಗ್ರಾಮೀಣ ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಗಳನ್ನು ತೆರೆದು, ಅಲ್ಲಿ ಎಎನ್‌ಎಂಗಳನ್ನೇ ಇಟ್ಟು, ಮೀನುಗಾರರ ಕೇರಿಯ ಬಸುರಿಯರನ್ನು ಮನೆಗೇ ಹೋಗಿ ನೋಡಿತು. ವಿಶೇಷ ವಿದ್ಯೆಯನ್ನು ಊರಿನ ಅಂಗಳಕ್ಕೆ ತಂದ ಅಪರೂಪದ ಪ್ರಯೋಗ ಅದು. ಆದರೆ ಆ ಊರುಗಳ ಹೆಸರು ನೋಡಿ: ಮಲ್ಪೆ, ಕಡೆಕಾರು, ಅಲೆವೂರು, ಉದ್ಯಾವರ, ಕಟಪಾಡಿ, ಕಾಪು, ಪಡುಬಿದ್ರಿ. ಎಲ್ಲವೂ ಸ್ವರ್ಣೆಯ ದಕ್ಷಿಣಕ್ಕೆ. ಗಂಗೊಳ್ಳಿಯ, ಕೊಡೇರಿಯ, ಉಪ್ಪುಂದದ ಮೀನುಗಾರ ಹೆಂಗಸಿಗೂ ಅದೇ ಕಡಲು, ಅದೇ ಕಷ್ಟ. ಕೇಂದ್ರ ಮಾತ್ರ ಅಲ್ಲಿಗೆ ಬರಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ವಿದ್ಯಾರ್ಥಿಗಳನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಹಿಂದೆ ತರುವ ದೂರದಲ್ಲಿ ಕೇಂದ್ರ ಇರಬೇಕಷ್ಟೆ.

ಈಗ ಸೇತುವೆಗಳಾಗಿವೆ, 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಿತು, 2008ರಲ್ಲಿ 108 ಆಂಬುಲೆನ್ಸ್ ಬಂತು, ಹೆದ್ದಾರಿ ಅಗಲವಾಯಿತು. ದೂರ ಎಂಬ ಮಾತಿಗೆ ಅರ್ಥವೆಲ್ಲಿದೆ ಎಂದು ಕೇಳಬಹುದು. ದೂರ ಕುಗ್ಗಿದ್ದು ನಿಜ, ಅದು ಜೀವ ಉಳಿಸಿದ್ದೂ ನಿಜ. 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ಹೆರಿಗೆಗಳಲ್ಲಿ ಅರ್ಧದಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–20ರ ಸಮೀಕ್ಷೆಯಲ್ಲಿ ಅದು ಶೇ 97. ಆದರೆ ರಸ್ತೆ ರೋಗಿಯನ್ನು ಹಾಸಿಗೆಗೆ ಒಯ್ದಿತೇ ಹೊರತು ಹಾಸಿಗೆಯನ್ನು ರೋಗಿಯ ಬಳಿಗೆ ತರಲಿಲ್ಲ. ಕಷ್ಟದ ಹೆರಿಗೆ ಬೈಂದೂರಿನಿಂದ ಕುಂದಾಪುರಕ್ಕೆ, ಕುಂದಾಪುರದಿಂದ ಉಡುಪಿಗೋ ಮಣಿಪಾಲಕ್ಕೋ ಸರಾಗವಾಗಿ ಸಾಗುವಾಗ ಬೈಂದೂರಿನ ದಾದಿ ಅದನ್ನು ನಿಭಾಯಿಸಲು ಎಂದೂ ಕಲಿಯುವುದಿಲ್ಲ. ಅವಳು ಕಲಿಯುವುದು ಚೀಟಿ ಬರೆದು ಸಾಗಹಾಕುವುದನ್ನು. ಇನ್ನೊಂದು ಅಂಕಿ ಇದೇ ಸಮೀಕ್ಷೆಯದು: ರಾಜ್ಯದ ಹೆರಿಗೆಗಳಲ್ಲಿ ಶೇ 31.5 ಸಿಸೇರಿಯನ್. ಹೆರಿಗೆ ಕೋಣೆಯ ದಾದಿ ನೋವಿನ ಜೊತೆ ಕಾಯುವವಳಾಗುವ ಬದಲು ಓಟಿಗೆ ಸಿದ್ಧಪಡಿಸುವವಳಾಗುತ್ತ ಹೋಗುತ್ತಾಳೆ.

ಗಲ್ಫಿಗೋ ಇಂಗ್ಲೆಂಡಿಗೋ ಹೋಗುವ ಹುಡುಗಿಯರನ್ನು ತೋರಿಸಿ, ಇವರಾದರೂ ತಮ್ಮ ವಿಭಾಗವನ್ನು ತಾವೇ ಆರಿಸಿಕೊಂಡವರಲ್ಲವೇ ಎನ್ನುವವರಿದ್ದಾರೆ. ಅಲ್ಲಿಯೂ ನಡೆಯುವುದು ಇದೇ ಲೆಕ್ಕ. ಹೊರದೇಶದ ಆಸ್ಪತ್ರೆಗೆ ಐಸಿಯು ದಾದಿ ಬೇಕು, ಎರಡು ವರ್ಷದ ಅನುಭವ ಪತ್ರ ಬೇಕು ಎಂದು ಜಾಹೀರಾತು ಬಂದರೆ ಇಲ್ಲಿನ ಹುಡುಗಿಯರು ಐಸಿಯು ಪೋಸ್ಟಿಂಗ್ ಕೇಳುತ್ತಾರೆ. ಆರಿಸಿದ್ದು ದೂರದ ಹಾಸಿಗೆ. ಏಜೆಂಟರ ಸುಲಿಗೆ ತಡೆಯಲು 2015ರಲ್ಲಿ ಕೇಂದ್ರ ಸರಕಾರ 18 ದೇಶಗಳಿಗೆ ನರ್ಸುಗಳ ನೇಮಕವನ್ನು ಸರಕಾರಿ ಸಂಸ್ಥೆಗಳ ಮೂಲಕವೇ ಆಗಬೇಕೆಂದು ಮಾಡಿತು. ಸಾಲ ಮಾಡಿ ಓದಿದ ಮನೆಗಳಿಗೆ ಅದು ದೊಡ್ಡ ರಕ್ಷಣೆ. ಯಾವ ವಿದ್ಯೆಗೆ ಬೆಲೆ ಎಂಬುದು ಮಾತ್ರ ಕೊಳ್ಳುವವರ ಕೈಯಲ್ಲೇ ಇದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಊರಿನ ಒಳಗಿನಿಂದಲೇ ಬರುತ್ತದೆ. ತಾಲೂಕು ಆಸ್ಪತ್ರೆಯಲ್ಲಿ, ಸಮುದಾಯ ಆರೋಗ್ಯ ಕೇಂದ್ರದಲ್ಲಿ ರಾತ್ರಿ ಪಾಳಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಹಾವು ಕಚ್ಚಿದವನು, ಬೈಕಿನಿಂದ ಬಿದ್ದವನು, ಉಬ್ಬಸದ ಮುದುಕಿ, ನೋವು ಬಂದ ಬಸುರಿ ಎಲ್ಲರೂ ಒಂದೇ ಬಾಗಿಲಲ್ಲಿ ಬರುತ್ತಾರೆ. ಅಲ್ಲಿಗೆ ಬೇಕಾದವಳು ಎಲ್ಲ ಬಲ್ಲವಳು, ಒಂದೇ ಬಲ್ಲವಳನ್ನು ಇಟ್ಟುಕೊಂಡು ಮಾಡುವುದೇನು? ಈ ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಆದರೆ ಆ ಬಾಗಿಲಲ್ಲಿ ಬರುವವರ ಪಟ್ಟಿಯನ್ನೇ ಇನ್ನೊಮ್ಮೆ ಓದಿದರೆ ಅದು ಎಲ್ಲಾದರೂ ಸಿಗುವ ಪಟ್ಟಿಯಲ್ಲ ಎಂದು ಕಾಣುತ್ತದೆ. ಗದ್ದೆಯ ಕೆಸರಿನಿಂದ ಬರುವ ಇಲಿ ಜ್ವರ, ಹಾಡಿಯ ಹಾವು, ಕಡಲಲ್ಲಿ ಮುಳುಗಿ ಎತ್ತಿತಂದವರು, ಘಟ್ಟದ ಮೇಲಿನಿಂದ ಇಳಿಯುವ ಮಂಗನ ಕಾಯಿಲೆ. ಕೊನೆಯದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಯಿತು. 2019ರಲ್ಲಿ ಸಾಗರ ತಾಲೂಕಿನ ಕಡೆ ಎದ್ದಾಗ ರೋಗಿಗಳನ್ನು ಘಾಟಿ ಇಳಿಸಿ ಮಣಿಪಾಲಕ್ಕೆ ತಂದರು. ಈ ನೆಲದ ರೋಗಗಳನ್ನು ಮೊದಲ ಗಂಟೆಯಲ್ಲೇ ಗುರುತಿಸಿ ಹಿಡಿದಿಡುವುದೂ ಒಂದು ವಿಶೇಷ ವಿದ್ಯೆಯೇ. ಅದಕ್ಕೆ ಹೆಸರಿಟ್ಟು, ಕಲಿಸಿ, ಸಂಬಳದಲ್ಲಿ ಲೆಕ್ಕ ಹಿಡಿದವರಿಲ್ಲ ಅಷ್ಟೆ. ದೊಡ್ಡ ಆಸ್ಪತ್ರೆಯ ವಾರ್ಡುಗಳ ಹೆಸರನ್ನೇ ವಿಶೇಷತೆಯ ಹೆಸರೆಂದು ನಾವು ಒಪ್ಪಿಕೊಂಡದ್ದರಿಂದ ತಾಲೂಕಿನ ದಾದಿಯ ವಿದ್ಯೆ ಸಾಮಾನ್ಯ ಎನಿಸಿಕೊಂಡಿತು. ತಾಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಯಂತ್ರ ಬಂದ ಮೇಲೆ ಏನಾಯಿತು? ಯಂತ್ರದ ಹಿಂದೆಯೇ ಅದನ್ನು ಬಲ್ಲವರೂ ಅಲ್ಲಿಯೇ ತಯಾರಾದರು. ಹಾಸಿಗೆ ಬಂದರೆ ವಿದ್ಯೆಯೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಬೇಕಿಲ್ಲ.

ಸರಕಾರ ಈಗ ಹಳೆಯ ದಾರಿಗೇ ಮರಳುತ್ತಿದೆ. 2018ರ ಡಿಸೆಂಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮಿಡ್‌ವೈಫರಿಯನ್ನು ಬೇರೆಯೇ ವೃತ್ತಿಯಾಗಿ ಕಟ್ಟುವ ಮಾರ್ಗಸೂಚಿ ತಂದಿತು. ನರ್ಸಿಂಗ್ ಕಲಿತು ಹೆರಿಗೆಯ ಅನುಭವ ಪಡೆದವರಿಗೆ ಮತ್ತೆ ಹದಿನೆಂಟು ತಿಂಗಳ ತರಬೇತಿ, ಸಹಜ ಹೆರಿಗೆಯನ್ನು ತಮ್ಮ ಹೊಣೆಯಲ್ಲೇ ನಡೆಸುವ ಅಧಿಕಾರ. ಅದೇ ವರ್ಷ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಿತ್ತು. ಆ ಡಿಸೆಂಬರಿನಲ್ಲೇ ಅವರು ತೀರಿಕೊಂಡರು. 1947ರ ಕಾಯಿದೆಯ ಜಾಗಕ್ಕೆಂದು 2023ರಲ್ಲಿ ಬಂದ ಹೊಸ ಕಾಯಿದೆಯ ಹೆಸರು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯಿದೆ. ಮದರಾಸು 1926ರಲ್ಲಿ ತಲೆಬರಹದಲ್ಲೇ ಬರೆದಿದ್ದ ಜೋಡಿಪದ, ತೊಂಬತ್ತೇಳು ವರ್ಷದ ನಂತರ, ದೆಹಲಿಯ ಕಾಯಿದೆಯ ತಲೆಬರಹಕ್ಕೆ ಬಂದಿದೆ. ಆದರೆ ಈ ಹದಿನೆಂಟು ತಿಂಗಳ ತರಬೇತಿಯೂ ಮೊದಲಿನಂತೆ ಹೆರಿಗೆಗಳ ಸಂಖ್ಯೆ, ತಜ್ಞರು, ಕಟ್ಟಡ ಇದ್ದಲ್ಲಿಗೇ ಹೋಗುವಂತಿದ್ದರೆ ಫಲವೂ ಮೊದಲಿನಂತೆಯೇ ಆದೀತು. ದೊಡ್ಡ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕಲಿತವಳು ಅಲ್ಲೇ ಉಳಿಯುತ್ತಾಳೆ. ಕುಂದಾಪುರದ ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡನ್ನೇ ಕಲಿಸುವ ವಾರ್ಡನ್ನಾಗಿ ಮಾಡಿ, ಬೈಂದೂರು ಮತ್ತು ಬ್ರಹ್ಮಾವರದ ಸಮುದಾಯ ಕೇಂದ್ರಗಳನ್ನು ಅದಕ್ಕೆ ಜೋಡಿಸಿ, ಕಲಿಯುವ ಹದಿನೆಂಟು ತಿಂಗಳೂ ಪೂರ್ತಿ ಸಂಬಳ ಕೊಟ್ಟು, ಕಲಿತ ಮೇಲೆ ಬೇರೆ ಹುದ್ದೆಯನ್ನೇ ತೆರೆದರೆ, ಮುದೂರಿನ ಕಾಲುಸಂಕ ದಾಟಿ ಬಂದ ಹುಡುಗಿಯನ್ನು ಮುಂದೆ ಯಾವ ವಿಭಾಗ ಎಂದು ಕೇಳಬಹುದು. ಆಗ ಅವಳು ಇಲ್ಲ ಎನ್ನುವುದಕ್ಕೂ ಹೌದು ಎನ್ನುವುದಕ್ಕೂ ಎದುರಿಗೆ ಒಂದು ಹಾಸಿಗೆ ಇರುತ್ತದೆ.